ಕೈತೋಟಗಾರರ ಸಂಘ ನಡೆಸುವ ಬಗೆ: ಬೀಜದ ಡಬ್ಬಿಯಿಂದ ಶಾಲೆಯ ತೋಟದವರೆಗೆ

ಮಲೆನಾಡಿನಲ್ಲಿ ಗಿಡ ನೆಡುವುದು ದೊಡ್ಡ ಕೆಲಸವೇ ಅಲ್ಲ. ಜೂನ್ ತಿಂಗಳಲ್ಲಿ ಬೇಲಿಗೂಟ ಹುಗಿದರೂ ಚಿಗುರುತ್ತದೆ. ಕಷ್ಟ ಶುರುವಾಗುವುದು ಫೆಬ್ರುವರಿಯಲ್ಲಿ. ಬಾವಿ ತಳ ಕಾಣತೊಡಗುತ್ತದೆ, ಅಡಿಕೆ ಕೊಯ್ಲು ಮುಗಿಸಿದವರು ಮದುವೆ, ಉಪನಯನ, ಗೃಹಪ್ರವೇಶ ಎಂದು ಓಡಾಡುತ್ತಾರೆ, ಏಪ್ರಿಲ್ ಬಂದರೆ ಶಾಲೆಗೂ ರಜೆ. ಸಂಘಗಳು ನೆಟ್ಟ ಗಿಡ ಒಣಗುವುದೂ ಸಂಘಗಳೇ ಸೊರಗುವುದೂ ಈ ತಿಂಗಳುಗಳಲ್ಲಿ. ಹಾಗಾಗಿ ಇಲ್ಲಿನ ಲೆಕ್ಕವನ್ನೆಲ್ಲ ಬೇಸಿಗೆಯಿಂದ ಹಿಂದಕ್ಕೆ ಹಾಕಲಾಗಿದೆ: ಮೊದಲು ಬೇಸಿಗೆಗೆ ಸಿಗುವ ನೀರು ಮತ್ತು ಕೈಗಳು, ಆಮೇಲೆ ಮಳೆಗಾಲದ ಗಿಡಗಳ ಸಂಖ್ಯೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸದಸ್ಯರ ಹಿತ್ತಲಿಗೆ ಏನೂ ಕೊಡದ ಸಂಘ ಊರಿನ ಕೆಲಸಕ್ಕೆ ಹೆಚ್ಚು ದಿನ ಬರುವುದಿಲ್ಲ. ಮೊದಲ ವರ್ಷ ಬೀಜ, ಸಲಕರಣೆ, ರೋಗಕ್ಕೆ ಸಲಹೆ, ಆಳಿನ ನೆರವು ಇಷ್ಟನ್ನೇ ನೋಡಿಕೊಳ್ಳಿ. ಶಾಲೆ, ಕೆರೆದಂಡೆ, ಸ್ಮಶಾನ ಎರಡನೇ ವರ್ಷಕ್ಕಿರಲಿ.

1. ಕೂಡುವುದು, ನೋಂದಣಿ, ದುಡ್ಡು

ಹನ್ನೆರಡು-ಹದಿನೈದು ಮನೆ ಸಾಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು ಹೋಗಿ ಬರುವಷ್ಟು ಹತ್ತಿರ ಇದ್ದರೆ ಒಳ್ಳೆಯದು. ತಾಲ್ಲೂಕಿಗೆಲ್ಲ ಒಂದು ಸಂಘ ಎಂದು ಹೊರಟರೆ ಕಳೆ ಕತ್ತರಿಸುವ ಯಂತ್ರ ಒಬ್ಬರ ಮನೆಯಲ್ಲೇ ಉಳಿದುಹೋಗುತ್ತದೆ.

ಮೊದಲ ವರ್ಷಕ್ಕೆ ನೋಂದಣಿ ಬೇಕಿಲ್ಲ, ಒಂದು ಪುಸ್ತಕ ಮತ್ತು ರಸೀದಿ ಬುಕ್ಕು ಸಾಕು. ಪಂಚಾಯಿತಿಯಿಂದಲೋ ಯಾವುದಾದರೂ ಕಂಪನಿಯಿಂದಲೋ ನೆರವು ಪಡೆಯುವ, ಜಾಗಕ್ಕೆ ಕರಾರು ಮಾಡಿಕೊಳ್ಳುವ ಹೊತ್ತಿಗೆ ನೋಂದಣಿ ಬೇಕಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ 7 ಜನ ಸೇರಬೇಕು. ಉದ್ದೇಶಗಳ ಜ್ಞಾಪನಾ ಪತ್ರ, ಬೈಲಾ, ಸದಸ್ಯರ ಗುರುತಿನ ದಾಖಲೆ, ಕಚೇರಿ ವಿಳಾಸದ ದಾಖಲೆ ಇಟ್ಟುಕೊಂಡು ಜಿಲ್ಲಾ ಸಂಘಗಳ ನೋಂದಣಿ ಕಚೇರಿಗೆ ಹೋಗಿ. ನೋಂದಣಿಯಾದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಖಾತೆಗೆ ಇಬ್ಬರ ಸಹಿ. ಎಲ್ಲರೂ ಎಡವುವ ಜಾಗ ಇದರ ಮುಂದಿನದು: ಪ್ರತಿ ವರ್ಷ ವಾರ್ಷಿಕ ಸಭೆ ನಡೆಸಿ, ಆಡಿಟ್ ಆದ ಲೆಕ್ಕ ಮತ್ತು ಕಾರ್ಯಕಾರಿ ಸಮಿತಿಯ ಪಟ್ಟಿ ಕಚೇರಿಗೆ ಸಲ್ಲಿಸಬೇಕು. ಎರಡು-ಮೂರು ವರ್ಷ ಬಿಟ್ಟವರಿಗೆ ಅದು ನೆನಪಾಗುವುದು ಯಾವುದೋ ಅರ್ಜಿಯ ಕೊನೆಯ ದಿನ.

ಚಂದಾ ಲೆಕ್ಕ ಹೀಗಿಡಬಹುದು. ವರ್ಷಕ್ಕೆ 300 ರೂಪಾಯಿ, 40 ಸದಸ್ಯರು, ಒಟ್ಟು 12,000. ಅರ್ಧ ಸಲಕರಣೆಯ ರಿಪೇರಿ, ಪೆಟ್ರೋಲಿಗೆ. ಕಾಲು ಭಾಗ ಪಾಲಿಥಿನ್ ಚೀಲ, ಮರಳು, ಬೇವಿನ ಹಿಂಡಿಗೆ. ಉಳಿದ 3,000 ರೂಪಾಯಿಯನ್ನು ಜನವರಿಗೆ ಮುಂಚೆ ಮುಟ್ಟಬೇಡಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಪೈಪು, ಒಡೆದ ಡ್ರಮ್ಮು ಎಲ್ಲವೂ ಅದರಲ್ಲೇ ಆಗಬೇಕು.

ಹುದ್ದೆ ನಾಲ್ಕೇ ಸಾಕು: ಬೀಜ, ಸಲಕರಣೆ, ನರ್ಸರಿ, ಲೆಕ್ಕ. ನಮ್ಮ ಕಡೆ ಬೀಜದ ತಿಳಿವಳಿಕೆ ಇರುವುದು ಹೆಚ್ಚಾಗಿ ಹೆಂಗಸರಲ್ಲಿ, ವೇದಿಕೆಯ ಮೇಲೆ ಕೂರುವುದು ಗಂಡಸರು. ಬೀಜದ ಹೊಣೆಯ ಜೊತೆಗೆ ಬ್ಯಾಂಕಿನ ಒಂದು ಸಹಿಯನ್ನೂ ಹೆಂಗಸರಿಗೇ ಕೊಡಿ. ಶಿರಸಿಯ ವನಸ್ತ್ರೀ ಎಂಬ ಬೀಜ ಉಳಿಸುವ ಬಳಗದಂಥ ಕಡೆ ಹಿತ್ತಲಿನ ಬೀಜದ ಕೆಲಸ ನಿಂತದ್ದೇ ಹೆಂಗಸರ ಬಲದ ಮೇಲೆ.

ಸಭೆಗೆ ಮೇ ನಡುಭಾಗ, ಆಗಸ್ಟ್ ಕೊನೆ, ಫೆಬ್ರುವರಿ ಎರಡನೇ ವಾರ ಸರಿಹೊಂದುತ್ತವೆ. ನಟ್ಟಿಯ ಹೊತ್ತಿನಲ್ಲಿ, ಅಡಿಕೆ ಸುಲಿಯುವ ಸಂಜೆಗಳಲ್ಲಿ ಕರೆದರೆ ಯಾರೂ ಬರುವುದಿಲ್ಲ. ಅದು ಅಸಡ್ಡೆಯಲ್ಲ, ಕರೆದ ದಿನ ತಪ್ಪು.

2. ಬೀಜ ಬ್ಯಾಂಕು

ಇಲ್ಲಿ ಬೀಜದ ಶತ್ರು ತೇವ. ಸೌತೆ, ಹೀರೆ, ಬೆಂಡೆ, ಅಳಸಂಡೆ ಬೀಜಕ್ಕೆ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಬಿಸಿಲೇ ಇಲ್ಲದ ಹೊತ್ತಿಗೆ. ಅರೆ ಒಣಗಿದ ಬೀಜವನ್ನು ಡಬ್ಬಿಗೆ ತುಂಬಿದರೆ ದೀಪಾವಳಿಗೆ ಬೂಷ್ಟು ಹಿಡಿದಿರುತ್ತದೆ. ಒಣಗಿಸಲು ಒಲೆಯ ಮೇಲಿನ ಅಟ್ಟ ಒಳ್ಳೆಯ ಜಾಗ. ಕೈಗೆ ಹಿತವಾಗುವ ಬಿಸಿ ಇದ್ದರೆ ಸಾಕು, 40 ಡಿಗ್ರಿ ದಾಟಬಾರದು. ತಗಡಿನ ಮೇಲೆ, ಸಿಮೆಂಟು ಅಂಗಳದ ಸುಡುಬಿಸಿಲಲ್ಲಿ ಹರಡಿದರೆ ಮೊಳಕೆ ಸಾಯುತ್ತದೆ.

ಸೌತೆಕಾಯಿ, ಟೊಮೇಟೊ ಬೀಜಗಳನ್ನು ತಿರುಳಿನ ಸಮೇತ ಒಂದೆರಡು ದಿನ ಹುಳಿ ಬರಿಸಿ, ತೊಳೆದು, ತೇಲುವ ಜೊಳ್ಳು ತೆಗೆದು ಒಣಗಿಸಿ. ಒಣಗಿತೋ ಇಲ್ಲವೋ ನೋಡುವುದು ಸುಲಭ. ಸೌತೆಬೀಜವನ್ನು ಬೆರಳಲ್ಲಿ ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಬಾಗಿದರೆ ಇನ್ನೂ ಹಸಿ. ಅಳಸಂಡೆಯ ಮೇಲೆ ಹಲ್ಲೂರಿದರೆ ಗುರುತು ಬೀಳಬಾರದು.

ತುಂಬಿಡಲು ಬಿಗಿ ಮುಚ್ಚಳದ ಗಾಜಿನ ಬಾಟಲಿ. ತಳದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಅದು ಇಲ್ಲದಿದ್ದರೆ ಎಣ್ಣೆ ಹಾಕದೆ ಹೊಂಬಣ್ಣ ಬರುವವರೆಗೆ ಹುರಿದ ಅಕ್ಕಿಯನ್ನು ಪೂರ್ತಿ ಆರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿಡಿ, ತೇವ ಹೀರಿಕೊಳ್ಳುತ್ತದೆ. ಬಿಸಿ ಅಕ್ಕಿ ಇಟ್ಟರೆ ಬಾಟಲಿ ಒಳಗಿನಿಂದ ಬೆವರುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಮಳೆಗಾಲದಲ್ಲಿ ಬಾಟಲಿಯನ್ನು ಪದೇ ಪದೇ ತೆರೆಯಬೇಡಿ. ಚೀಟಿಯಲ್ಲಿ ತಳಿಯ ಹೆಸರು, ಯಾರ ಮನೆಯದು, ಯಾವ ತಿಂಗಳು ಮತ್ತು ವರ್ಷ ಎಂದು ಬರೆದು ಒಳಗೊಂದು ಹೊರಗೊಂದು ಹಾಕಿ. ಹೊರಗಿನದನ್ನು ಜಿರಳೆ ತಿನ್ನುತ್ತದೆ.

ಬೆರಕೆಯ ವಿಷಯಕ್ಕೆ ಸ್ವಲ್ಪ ಗಮನ ಬೇಕು. ಸೌತೆ, ಹೀರೆ, ಸೋರೆ ಒಂದಕ್ಕೊಂದು ಬೆರೆಯುವುದಿಲ್ಲ. ಆದರೆ ಎರಡು ತಳಿಯ ಸೌತೆ ಒಂದೇ ಹಿತ್ತಲಲ್ಲಿದ್ದರೆ ಜೇನುಹುಳ ಎರಡನ್ನೂ ಒಂದು ಮಾಡಿಬಿಡುತ್ತದೆ. ಅರ್ಧ ಕಿಲೋಮೀಟರ್ ಅಂತರ ಇದ್ದರೆ ಬೆರಕೆ ಬಹಳ ಕಡಿಮೆ. ಗುಡ್ಡಕ್ಕೊಂದು ಒಂಟಿಮನೆ ಇರುವ ನಮ್ಮ ಹಳ್ಳಿಗಳಿಗೆ ಇದು ವರದಾನ. ಒಂದು ಮನೆಗೆ ಒಂದೇ ಸೌತೆ, ಒಂದೇ ಹೀರೆ ಎಂದು ಹಂಚಿಬಿಡಿ. ಪೇಟೆಯ ಬಡಾವಣೆಯಲ್ಲಿ ಹಾಗಾಗದು, ಕೈಯಿಂದಲೇ ಪರಾಗ ಮುಟ್ಟಿಸಬೇಕು. ಸೌತೆಯಲ್ಲಿ ನಾಳೆ ಅರಳುವ ಗಂಡು ಹೂ, ಹೆಣ್ಣು ಹೂಗಳ ತುದಿಯನ್ನು ಇಂದು ಸಂಜೆ ದಾರದಿಂದ ಕಟ್ಟಿ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ. ಬೆಳಗ್ಗೆ ಬಿಚ್ಚಿ ಗಂಡು ಹೂವನ್ನು ಹೆಣ್ಣು ಹೂವಿಗೆ ತೀಡಿ ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕಿ. ಹೀರೆ ಮತ್ತು ಸೋರೆ ಹೂಗಳು ಅರಳುವುದು ಸಂಜೆಗೆ. ಅವನ್ನು ಮಧ್ಯಾಹ್ನವೇ ಕಟ್ಟಿಟ್ಟು ಸಂಜೆ ಪರಾಗ ಮುಟ್ಟಿಸಿ. ಬೆಳಗ್ಗೆ ಮಾಡಿ ಮಿಡಿ ಉದುರಿತು ಎನ್ನುವವರ ತೊಂದರೆ ಇದೇ.

ಸೋರೆಬೀಜ ಇಡುವ ಮೊದಲು ಅದೇ ಬಳ್ಳಿಯ ಎಳೆಕಾಯಿಯ ಚೂರೊಂದನ್ನು ನಾಲಿಗೆಗೆ ತಾಗಿಸಿ ಉಗಿಯಿರಿ. ಕಹಿ ಇದ್ದರೆ ಆ ಬಳ್ಳಿಯ ಕಾಯಿ ಅಡುಗೆಗೂ ಬೇಡ, ಬೀಜಕ್ಕೂ ಬೇಡ. ಕಹಿ ಸೋರೆ ಹೊಟ್ಟೆಗೆ ವಿಷ.

ಹಂಚುವ ಮುಂಚೆ ಮೊಳಕೆ ಪರೀಕ್ಷೆ ಮಾಡಿ. ಏಪ್ರಿಲ್ ಕೊನೆಯಲ್ಲಿ 50 ಬೀಜ ಎಣಿಸಿ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಡಿ. 40ಕ್ಕಿಂತ ಹೆಚ್ಚು ಮೊಳೆತರೆ ಹಂಚಬಹುದು. 25ರಿಂದ 40 ಇದ್ದರೆ ಗುಳಿಗೆ ಎರಡರಷ್ಟು ಬೀಜ ಹಾಕಿ ಎಂದು ಚೀಟಿಯಲ್ಲೇ ಬರೆಯಿರಿ. ಅದಕ್ಕಿಂತ ಕಡಿಮೆ ಇದ್ದರೆ ಹಂಚಬೇಡಿ. ಮೊಳೆಯದ ಬೀಜ ಕೊಟ್ಟ ಸಂಘವನ್ನು ಜನ ಮುಂದಿನ ವರ್ಷ ನಂಬುವುದಿಲ್ಲ. ವಿನಿಮಯ ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ ಮೂರನೇ ವಾರದೊಳಗೆ ಮುಗಿಯಲಿ. ಒಂದು ಹಿಡಿ ಒಯ್ದವರು ಎರಡು ಹಿಡಿ ತಂದುಕೊಡಬೇಕು ಎಂಬ ನಿಯಮ ಇರಲಿ. ಬೆಳೆ ಕೈಕೊಟ್ಟವರನ್ನು ಒತ್ತಾಯಿಸಬೇಡಿ, ಏನಾಯಿತು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ.

ಬ್ಯಾಂಕಿಗೆ ಬರಲೇಬಾರದ ಬೀಜಗಳೂ ಇವೆ. ಹಲಸು, ಮಾವು, ನೇರಳೆ, ಮುರುಗಲು (ಕೋಕಂ), ಇವು ಒಣಗಿದರೆ ಸತ್ತಂತೆ. ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ನರ್ಸರಿ ಚೀಲಕ್ಕೆ ಊರಬೇಕು.

3. ಸಲಕರಣೆ, ಮುಯ್ಯಾಳು

ಗುದ್ದಲಿ, ಕತ್ತಿ ಎಲ್ಲರ ಮನೆಯಲ್ಲೂ ಇವೆ. ಸಂಘ ಕೊಳ್ಳಬೇಕಾದದ್ದು ಒಬ್ಬೊಬ್ಬರಿಗೆ ಭಾರವಾಗುವಂಥವು: ಕಳೆ ಕತ್ತರಿಸುವ ಯಂತ್ರ, 16 ಲೀಟರಿನ ಎರಡು ಸ್ಪ್ರೇಯರ್, ಉದ್ದದ ಪೈಪು, ಕಸಿ ಚಾಕು, ಒಳ್ಳೆಯ ಸಿಕೇಚರ್ (ರೆಂಬೆ ಕತ್ತರಿ). ಕಳೆನಾಶಕ ಹೊಡೆದ ಸ್ಪ್ರೇಯರನ್ನು ಹಂಚಿಕೆಗೆ ತರಬೇಡಿ. ಎಷ್ಟು ತೊಳೆದರೂ ಉಳಿಯುವ ಅಂಶಕ್ಕೆ ಪಕ್ಕದ ಮನೆಯ ಟೊಮೇಟೊ ಮುರುಟುತ್ತದೆ.

ಯಂತ್ರ ಕೆಡುವುದು ಎರಡೇ ಕಾರಣಕ್ಕೆ. ಮೊದಲನೆಯದು ಟೂ ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಬೆರೆಸದ ಪೆಟ್ರೋಲ್ ಸುರಿಯುವುದು. ಪಿಸ್ಟನ್ ಸೀಜ್ ಆಗುತ್ತದೆ. ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಟೂಟಿ ಎಣ್ಣೆ, 25:1 ಎಂದಿದ್ದರೆ 40 ಮಿ.ಲೀ. ಬೆರೆಸಿದ ಪೆಟ್ರೋಲಿಗೆ ಕೆಂಪು ಕ್ಯಾನ್ ಬೇರೆಯೇ ಇರಲಿ, ಸಲಕರಣೆಯ ಹೊಣೆ ಹೊತ್ತವರೇ ಬೆರೆಸಿ ಕೊಡಲಿ. ಎರಡನೆಯದು ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡುವುದು. ಈಗಿನ ಪೆಟ್ರೋಲಿನ ಎಥನಾಲ್ ನಮ್ಮ ಮಳೆಗಾಲದ ತೇವ ಹೀರುತ್ತದೆ, ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಹಿಂತಿರುಗಿಸುವಾಗ ಟ್ಯಾಂಕ್ ಖಾಲಿ ಇರಬೇಕು, ತಾನಾಗಿ ಆರುವವರೆಗೆ ಎಂಜಿನ್ ಓಡಿಸಿರಬೇಕು, ಏರ್ ಫಿಲ್ಟರ್ ಝಾಡಿಸಿರಬೇಕು. ಓಡಿಸುವವರಿಗೆ ಕನ್ನಡಕ ಮತ್ತು ಗಂಬೂಟು ಕಡ್ಡಾಯ, ಸುತ್ತ 15 ಮೀಟರಿನೊಳಗೆ ಮಕ್ಕಳು ಇರಬಾರದು. ಜಂಬಿಟ್ಟಿಗೆ ಕಲ್ಲಿನ ಚೂರು ಗುಂಡಿನಂತೆ ಹಾರುತ್ತದೆ.

ಆಳಿನ ಸಮಸ್ಯೆಗೆ, ಕೂಲಿಯ ಬದಲು ಕೆಲಸಕ್ಕೆ ಕೆಲಸ ಕೊಡುವ ಮುಯ್ಯಾಳು ಪದ್ಧತಿ ಈಗಲೂ ನಡೆಯುತ್ತದೆ, ಲೆಕ್ಕ ಬರೆದಿಟ್ಟರೆ. ಅರ್ಧ ದಿನ ಒಂದು ಅಂಕ. ಇನ್ನೊಬ್ಬರ ಹಿತ್ತಲಲ್ಲಿ ಚಪ್ಪರ ಹಾಕಿದ್ದಕ್ಕೆ ಒಂದು ಅಂಕ ಬಂದರೆ ನಿಮ್ಮ ಬೇಲಿಗೆ ಅದನ್ನು ಬಳಸಬಹುದು. ವಯಸ್ಸಾದವರು ಬೀಜ ಹಸನು ಮಾಡಿದ್ದಕ್ಕೂ ಅಂಕ ಕೊಡಿ. ವರ್ಷದ ಕೊನೆಗೆ ಬಾಕಿ ಉಳಿಸಿಕೊಂಡವರು ಸಂಘದ ನೀರಿನ ಪಾಳಿಯಲ್ಲಿ ತೀರಿಸಲಿ.

4. ಗಿಡದ ಕಾಯಿಲೆ

ತಿಂಗಳಿಗೊಮ್ಮೆ ಒಂದು ಕಟ್ಟೆಯ ಮೇಲೆ ಕೂತು ನೋಡಿದರೆ ಸಾಕು. ಬರುವವರು ಎಲೆ ಒಂದನ್ನೇ ತಂದರೆ ಪ್ರಯೋಜನವಿಲ್ಲ. ಇಡೀ ಗಿಡದ ಫೋಟೋ, ಬುಡದ ಫೋಟೋ, ಬೇರಿನ ಚೂರು ಬೇಕು. ರೋಗದ ಗಿಡ ಪ್ಲಾಸ್ಟಿಕ್ ಚೀಲದಲ್ಲಿ ಬರಲಿ, ನರ್ಸರಿಯ ಹತ್ತಿರಕ್ಕೆ ಬಾರದಿರಲಿ.

ಹುಳಿಮಣ್ಣಿನ ನಮ್ಮ ಹಿತ್ತಲುಗಳಲ್ಲಿ ಹೆಚ್ಚು ಕೇಳಿಬರುವ ದೂರು, ಹಸಿರಾಗಿದ್ದ ಬದನೆ, ಟೊಮೇಟೊ ಗಿಡ ಎರಡೇ ದಿನದಲ್ಲಿ ಜೋತುಬಿತ್ತು ಎನ್ನುವುದು. ಬುಡದ ಕಡೆಯ ಕಾಂಡವನ್ನು ಮೂರು ಬೆರಳುದ್ದ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕೊಯ್ದ ಜಾಗದಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಆ ಗಿಡಕ್ಕೆ ಔಷಧಿ ಇಲ್ಲ, ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದರೂ ವಾಸಿಯಾಗದು. ಕಿತ್ತು ಸುಟ್ಟು, ಆ ಜಾಗದಲ್ಲಿ ಬದನೆ, ಟೊಮೇಟೊ, ಮೆಣಸಿನಕಾಯಿ, ಶುಂಠಿ ಹಾಕುವುದನ್ನು ಕೆಲವು ವರ್ಷ ಬಿಡಿ. ಅಲ್ಲಿ ಬಳಸಿದ ಗುದ್ದಲಿಯನ್ನು ತೊಳೆದು ಕುದಿನೀರು ಹೊಯ್ಯಿರಿ. ಕಾಡುಸುಂಡೆಯ ಬೇರುಗಿಡಕ್ಕೆ ಕಸಿ ಕಟ್ಟಿದ ಬದನೆ ಇಂಥ ಮಣ್ಣಿನಲ್ಲೂ ತಡೆದುಕೊಳ್ಳುತ್ತದೆ. ಸಂಘದ ನರ್ಸರಿಗೆ ಇದಕ್ಕಿಂತ ಉಪಯುಕ್ತ ಕೆಲಸ ಕಡಿಮೆ.

ಕಾಳುಮೆಣಸಿನ ಸೊರಗು, ಅಡಿಕೆಯ ಕೊಳೆ ಶಿಲೀಂಧ್ರದಂಥ ಜೀವಿಯಿಂದ ಬರುವ ರೋಗಗಳು. ಅವಕ್ಕೆ ಮಳೆ ಹಿಡಿಯುವ ಮುಂಚೆಯೇ ಶೇ. 1ರ ಬೋರ್ಡೋ ದ್ರಾವಣ ಬೇಕು. ತೋಟದ ಲೆಕ್ಕ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹಿತ್ತಲಲ್ಲಿ ಹತ್ತು ಬಳ್ಳಿ ಇರುವವರಿಗೆ 10 ಲೀಟರ್ ಸಾಕು. ಸಂಘ ಒಟ್ಟಿಗೆ ಕೊಂಡು 100 ಗ್ರಾಂ ಪೊಟ್ಟಣ ಕಟ್ಟಿಕೊಡಬಹುದು. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು ಪ್ಲಾಸ್ಟಿಕ್ ಬಕೆಟ್ಟಿನ 5 ಲೀಟರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತ ಸುರಿಯಿರಿ. ಹೊಳಪಿನ ಕಬ್ಬಿಣದ ಚಾಕು ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕಬ್ಬಿಣದ ಪಾತ್ರೆ ಬೇಡ, ಅಂದೇ ಮಾಡಿ ಅಂದೇ ಮುಗಿಸಿ.

ಒಂದು ಎಚ್ಚರ: ಗಿಡ ಹಂಚುವ ಸಂಘವೇ ರೋಗವನ್ನೂ ಹಂಚುತ್ತದೆ. ಬಾಳೆಕಂದು, ಮೆಣಸಿನ ಬಳ್ಳಿ, ಕುಂಡದ ಮಣ್ಣು ಇವುಗಳ ಜೊತೆ ವೈರಸ್, ಬೇರುಗಂಟಿನ ಜಂತುಹುಳ, ಆಫ್ರಿಕನ್ ಬಸವನಹುಳುವಿನ ಮೊಟ್ಟೆ ಬರುತ್ತವೆ. ಹೊರಗಿನಿಂದ ಬಂದದ್ದನ್ನು ಮೂರು ವಾರ ಬೇರೆ ಕಡೆ ಇಟ್ಟು ನೋಡಿ.

ಮಣ್ಣು ಪರೀಕ್ಷೆಯನ್ನು ಎಲ್ಲರದೂ ಒಟ್ಟಿಗೆ ಮಾರ್ಚ್‌ನಲ್ಲಿ ಮಾಡಿಸಿ. ಅಂಕುಡೊಂಕಾಗಿ ಎಂಟು-ಹತ್ತು ಕಡೆ V ಆಕಾರದಲ್ಲಿ 15 ಸೆಂ.ಮೀ. ಆಳಕ್ಕೆ ಅಗೆದು, ಬದಿಯ ಮಣ್ಣು ಕೆರೆದು, ಬೆರೆಸಿ, ಅರ್ಧ ಕಿಲೋ ಉಳಿಸಿ ನೆರಳಲ್ಲಿ ಒಣಗಿಸಿ. ಶಿವಮೊಗ್ಗದ ನವುಲೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಆವರಣವಿದೆ, ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು. ಸುಣ್ಣ ಎಷ್ಟು ಎಂಬುದನ್ನು ವರದಿ ನೋಡಿ ಹಾಕಿ. ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಹಾಕಬೇಡಿ, ಎರಡು-ಮೂರು ವಾರ ಅಂತರ ಇರಲಿ.

5. ನರ್ಸರಿ ಮತ್ತು ದರಕು

ಎರಡು ಬುಟ್ಟಿ ಮೇಲ್ಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ. 6x9 ಇಂಚಿನ ಚೀಲಕ್ಕೆ ತಳದಲ್ಲೂ ಬದಿಯಲ್ಲೂ ತೂತು ಇರಲಿ. ಮಳೆಗಾಲದಲ್ಲಿ ಚೀಲಗಳನ್ನು ನೆಲಕ್ಕೆ ತಾಗಿಸದೆ ಅಡಿಕೆ ದಬ್ಬೆಯ ಮೇಲೆ ಸಾಲಾಗಿ ಇಡಿ. ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಸೇರಿಸುವುದಾದರೆ 100 ಕಿಲೋ ಗೊಬ್ಬರಕ್ಕೆ ಒಂದು ಕಿಲೋ ಕಲಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಬಿಟ್ಟು ಬಳಸಿ. ಮುರುಗಲು ಬೀಜದಿಂದ ಬೆಳೆಸಿದರೆ ಸುಮಾರು ಅರ್ಧ ಗಂಡು ಮರಗಳಾಗುತ್ತವೆ, ಆದ್ದರಿಂದ ಹೆಣ್ಣು ಮರದ ಕಸಿಯೇ ಒಳ್ಳೆಯದು. ಅಪ್ಪೆಮಿಡಿಯೂ ಹಾಗೆ: ಪರಿಮಳ, ಹುಳಿ ಆ ಮರಕ್ಕೇ ಸೇರಿದ್ದು, ವಾಟೆ ಊರಿದರೆ ಅದೇ ಬರುತ್ತದೆಂದು ನಂಬುವಂತಿಲ್ಲ.

ಗಿಡದ ಬುಡದ ಮುಚ್ಚಿಗೆಗೆ, ಗೊಬ್ಬರಕ್ಕೆ ದರಕು (ಕಾಡಿನ ಒಣ ಎಲೆ) ತರುವ ವಿಷಯದಲ್ಲಿ ಸಡಿಲ ಬಿಡಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇವರೆಗೆ, ಸರಿಯಾಗಿ ದರಕು ಬಾಚುವ ಕಾಲಕ್ಕೆ. ಆ ತಿಂಗಳುಗಳಲ್ಲಿ ಸಂಘದ ಹೆಸರಿನಲ್ಲಿ ಯಾರನ್ನೂ ಕಾಡಿಗೆ ಕಳಿಸಬೇಡಿ. ಅಡಿಕೆ ಸಿಪ್ಪೆ, ಅಂಗಳದ ಎಲೆ, ಬೇಲಿಯ ಗ್ಲಿರಿಸೀಡಿಯಾ ಸೊಪ್ಪು ಬಳಸಿ. ಹೋಗಲೇಬೇಕಾದವರು ಆರೋಗ್ಯ ಇಲಾಖೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿ, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

6. ಊರಿನ ಕೆಲಸ: ಗಿಡ ಎಷ್ಟು?

ಬೀದಿಬದಿ, ಕೆರೆದಂಡೆ, ಸ್ಮಶಾನ ಎಲ್ಲೇ ಆಗಲಿ, ಮೊದಲ ಬೇಸಿಗೆಯಲ್ಲಿ ಒಂದು ಗಿಡಕ್ಕೆ ಐದು ದಿನಕ್ಕೊಮ್ಮೆ 10 ಲೀಟರ್ ನೀರು ಬೇಕು. 50 ಗಿಡಕ್ಕೆ ಒಂದು ಸರದಿಗೆ 500 ಲೀಟರ್. ಎರಡು ಕೈಯಲ್ಲಿ ಎರಡು ಕೊಡಪಾನ ಹಿಡಿದರೆ 25 ಸಲ ಓಡಾಟ. ನೀರು 100 ಮೀಟರ್ ದೂರದಲ್ಲಿದ್ದರೆ ಒಬ್ಬರಿಗೆ ಎರಡು ಗಂಟೆ. ಜನವರಿಯಿಂದ ಮೇವರೆಗೆ 30 ಸರದಿ. ನಿಜವಾಗಿ ಬರುವ 15 ಜನ ಇದ್ದರೆ ತಲೆಗೆ ಎರಡು ಸರದಿ, ಇದು ಆಗುವ ಮಾತು. 200 ಗಿಡ ನೆಟ್ಟರೆ ಒಂದೊಂದು ಸರದಿಗೂ ಎಂಟು ಗಂಟೆ, ಇದು ಆಗದ ಮಾತು. ಸಾವಿರ ಗಿಡದ ಬ್ಯಾನರ್ ಕಟ್ಟುವವರಿಗೆ ಈ ಲೆಕ್ಕ ತೋರಿಸಿ.

ಅನುಮತಿ ಬರಹದಲ್ಲೇ ಇರಬೇಕು: ಶಾಲೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಮತ್ತು ಮುಖ್ಯ ಶಿಕ್ಷಕರ ಪತ್ರ, ಊರಿನ ಜಾಗಕ್ಕೆ ಗ್ರಾಮ ಪಂಚಾಯಿತಿಯ ಪತ್ರ. ವಿದ್ಯುತ್ ತಂತಿಯ ಕೆಳಗೆ ಹಲಸು, ನೇರಳೆ ಬೇಡ. ಬೆಳೆದ ಮೇಲೆ ಸವರಲೇಬೇಕಾಗುತ್ತದೆ.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ ಹಾಕಿ, ತುಂಬುವಾಗ ಮೇಲ್ಮಣ್ಣು ಮತ್ತು ಗೊಬ್ಬರ ಕೆಳಗೆ ಹೋಗಲಿ. ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೊಟ್ಟಿಯಂತೆ ನೀರು ಹಿಡಿಯುತ್ತದೆ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಆದ್ದರಿಂದ ನೆಲಮಟ್ಟಕ್ಕಿಂತ ಅರ್ಧ ಅಡಿ ಮೇಲೆ ದಿಬ್ಬ ಮಾಡಿ ನೆಡಿ, ಇಳಿಜಾರಿನ ಕಡೆಗೆ ಬಸಿಗಾಲುವೆ ತೆಗೆಯಿರಿ. ಆಗುಂಬೆ, ಹೊಸನಗರ, ತೀರ್ಥಹಳ್ಳಿಯ ಕಡೆ ಆರಿದ್ರಾ ಮಳೆ ಜೋರಾಗುವ ಮುಂಚೆ, ಜೂನ್ ಮೊದಲ ಎರಡು ವಾರದಲ್ಲೇ ನೆಟ್ಟು ಮುಗಿಸಿ. ತಪ್ಪಿದರೆ ಆಗಸ್ಟ್ ಕೊನೆಗೆ ಕಾಯಿರಿ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಜುಲೈ ಪೂರ್ತಿ ನೆಡಬಹುದು. ಅಕ್ಟೋಬರ್ ಕೊನೆಯಲ್ಲಿ ನೆಲದಲ್ಲಿ ತೇವ ಇರುವಾಗಲೇ ನಾಲ್ಕು ಬೆರಳು ದಪ್ಪ ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗದಂತೆ. ಒಣಗಿದ ಮೇಲೆ ಹಾಕಿದ ಮುಚ್ಚಿಗೆ ಗೆದ್ದಲಿಗೆ ಊಟ.

ಶಾಲೆಯ ತೋಟಕ್ಕೆ 20x10 ಅಡಿ ಸಾಕು. ಮೂರಡಿ ಅಗಲದ ನಾಲ್ಕು ಮಡಿ, ನಡುವೆ ಒಂದೂವರೆ ಅಡಿ ದಾರಿ, ಮಡಿ ಒಂದಡಿ ಎತ್ತರ. ಹರಿವೆ, ಬಸಳೆ, ಅಳಸಂಡೆ, ಬೆಂಡೆ ಮಡಿಗೆ. ಪಪ್ಪಾಯ, ನುಗ್ಗೆ ದಿಬ್ಬಕ್ಕೆ. ಪಪ್ಪಾಯದ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಬೇರು ಕೊಳೆಯುತ್ತದೆ. ಮಂಗನ ಕಾಟ ಇರುವ ಕಡೆ ಅರಿಶಿನ, ಶುಂಠಿ, ಕೆಸು, ಸೂಜಿಮೆಣಸು ಉಳಿಯುತ್ತವೆ. ಬಿಸಿಯೂಟದ ನಂತರ ಕೈ-ತಟ್ಟೆ ತೊಳೆಯುವ ನೀರು ಮಗುವಿಗೆ ಒಂದು ಲೀಟರ್ ಎಂದರೂ 100 ಮಕ್ಕಳಿಗೆ ದಿನಕ್ಕೆ 100 ಲೀಟರ್. ತಟ್ಟೆಯ ಅಗುಳು ಸೋಸಲು ಜಾಲರಿ ಹಾಕಿ ಅದನ್ನು ಮಡಿಗೆ ತಿರುಗಿಸಿ. ಆದರೆ ಆ ನೀರು ಬೇಸಿಗೆ ರಜೆಯಲ್ಲಿ ನಿಲ್ಲುತ್ತದೆ. ಮಾರ್ಚ್ ಕೊನೆಗೆ ಮಡಿಗಳನ್ನು ಖಾಲಿ ಮಾಡಿ, ಬೀಜ ತೆಗೆದು, ಮುಚ್ಚಿಗೆ ಹಾಕಿ ಬಿಟ್ಟುಬಿಡಿ. ರಜೆಯಲ್ಲಿ ನೀರು ಬೇಕಾಗುವುದು ಪಪ್ಪಾಯ, ನುಗ್ಗೆಯಂಥ ಐದಾರು ಗಿಡಕ್ಕೆ ಮಾತ್ರ. ಆ ಪಾಳಿಗೆ ಶಾಲೆಯ ಅಕ್ಕಪಕ್ಕದ ಎರಡು ಮನೆಯವರನ್ನು ಫೆಬ್ರುವರಿ ಸಭೆಯಲ್ಲೇ ಒಪ್ಪಿಸಿ, ಅವರ ಮುಯ್ಯಾಳು ಖಾತೆಗೆ ಅಂಕ ಬರೆಯಿರಿ.

ನೆಟ್ಟ ಪ್ರತಿ ಗಿಡಕ್ಕೂ ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಜಾತಿ, ದಿನ, ಪಾಳಿಯವರ ಹೆಸರು, ಸತ್ತಿದ್ದರೆ ಕಾರಣ ಬರೆಯಿರಿ. ಕಾರಣದ ಅಂಕಣದಲ್ಲಿ ದನ, ನೀರು ನಿಂತದ್ದು, ನೀರು ಸಾಲದ್ದು, ಗೆದ್ದಲು, ಮನುಷ್ಯರು ಎಂಬ ಐದೇ ಆಯ್ಕೆ ಇರಲಿ. ದನಕ್ಕೆ ಹೋದದ್ದು ಹೆಚ್ಚಿದ್ದರೆ ಮುಂದಿನ ವರ್ಷದ ದುಡ್ಡು ಗಿಡಕ್ಕಲ್ಲ, ಬೇಲಿಗೆ. ಎರಡನೇ ಬೇಸಿಗೆಗೆ ನೀರು ಅರ್ಧಕ್ಕಿಳಿಯುತ್ತದೆ, ಮೂರನೆಯದರಲ್ಲಿ ಹೆಚ್ಚಿನವು ತಾವೇ ನಿಲ್ಲುತ್ತವೆ. ಆಗ ಉಳಿದ ಗಿಡಗಳ ಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ, ಪಾಳಿಯಿಂದ ಬಿಡುವಾದ ಕೈಗಳನ್ನು ಎಣಿಸಿ ಅಷ್ಟಕ್ಕೇ ಹೊಸ ಗುಂಡಿ ತೋಡಿ.